ಮದ್ದಿಗೆ ಬಗ್ಗದ ಕಾಯಿಲೆಯ ಚರಿತ್ರೆ

ತುಂಗಭದ್ರೆಯ ದಡದ ಉಕ್ಕಡಗಾತ್ರಿಯಲ್ಲಿ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯಿದೆ. ಮಲೆಬೆನ್ನೂರಿನವರಿಗೆ ಅದು ತಮ್ಮದೇ ಹರಿಹರ ತಾಲ್ಲೂಕಿನ ಕ್ಷೇತ್ರ. ಹಾವೇರಿ, ಶಿವಮೊಗ್ಗ, ಚಿತ್ರದುರ್ಗ, ಬಳ್ಳಾರಿ ಕಡೆಯವರಿಗೆ ಬಸ್ಸು ಬದಲಿಸಿಕೊಂಡು ಬಂದು ಸೇರುವ ಆಸರೆ. ಗಾಳಿ ಸೋಕಿದೆ, ದೆವ್ವ ಮೆಟ್ಟಿಕೊಂಡಿದೆ, ಆಗದವರು ಮಾಟ ಮಾಡಿಸಿದ್ದಾರೆ ಎಂದು ನಂಬಿದವರು ಮನೆಯ ಹುಡುಗನನ್ನೋ ಸೊಸೆಯನ್ನೋ ಕರೆದುಕೊಂಡು ಅಮಾವಾಸ್ಯೆಗೆ ಅಲ್ಲಿಗೆ ಬರುತ್ತಾರೆ, ಹೊಳೆಯಲ್ಲಿ ಮೀಯಿಸುತ್ತಾರೆ, ತೊಟ್ಟ ಬಟ್ಟೆಯನ್ನು ಅಲ್ಲೇ ಬಿಡಿಸಿ ಹರಕೆ ಹೊತ್ತು ಹೋಗುತ್ತಾರೆ. ಬರುವವರಿಗೆಲ್ಲ ಒಂದೇ ಕಾಯಿಲೆ ಇರುವುದಿಲ್ಲ. ಮನೆಯೊಳಗಿನ ಒತ್ತಡ ಮೈಮೇಲೆ ಬಂದಂತೆ ಹೊರಬೀಳುವವರಿದ್ದಾರೆ, ಮೂರ್ಛೆರೋಗದವರಿದ್ದಾರೆ, ಖಿನ್ನತೆಯವರಿದ್ದಾರೆ. ಆದರೆ ಯಾರೂ ಇಲ್ಲದ ಕಡೆ ಮಾತು ಕೇಳಿಸುವ, ಹೆತ್ತವರೇ ಅನ್ನಕ್ಕೆ ವಿಷ ಬೆರೆಸುತ್ತಾರೆಂದು ಗುಮಾನಿಪಡುವ, ಸ್ನಾನ ಊಟ ಮರೆತು ವರ್ಷಗಟ್ಟಲೆ ಮೂಲೆ ಹಿಡಿದ ಒಂದು ಪಾಲು ಜನ ಇಂಥ ಎಲ್ಲ ಜಾಗಗಳಲ್ಲೂ ಇದ್ದೇ ಇರುತ್ತಾರೆ. ಅವರ ಕಾಯಿಲೆಗೆ ಇಂದಿನ ವೈದ್ಯಕೀಯ ಸ್ಕಿಜೋಫ್ರೀನಿಯಾ ಎನ್ನುತ್ತದೆ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಇದೂ ಇದರ ಬಳಗದ ಕಾಯಿಲೆಗಳೂ ಸೇರಿ ಜೀವಮಾನದಲ್ಲಿ ಒಮ್ಮೆಯಾದರೂ ಬಾಧಿಸುವುದು ನೂರಕ್ಕೆ ಸುಮಾರು 1.4 ಜನರನ್ನು.

ಇವರಲ್ಲೂ ಒಂದು ಗುಂಪನ್ನು ವೈದ್ಯಕೀಯ ಬೇರೆಯಾಗಿ ನೋಡುತ್ತದೆ. ಎರಡು ಬೇರೆ ಬೇರೆ ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಒಂದೊಂದನ್ನೂ ಆರು ವಾರವಾದರೂ ತಪ್ಪದೆ ಸೇವಿಸಿದ ಮೇಲೂ ಲಕ್ಷಣಗಳು ಇಳಿಯದಿದ್ದರೆ ಅದು ಚಿಕಿತ್ಸೆಗೆ ಬಗ್ಗದ ಸ್ಕಿಜೋಫ್ರೀನಿಯಾ. 2017ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪ್ರಕಟಿಸಿದ ವ್ಯಾಖ್ಯೆಯ ಸಾರ ಇದು. ಈ ಕಾಯಿಲೆಯವರಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಜನ ಈ ಗುಂಪಿಗೆ ಸೇರುತ್ತಾರೆ ಎಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಕೇಳಿದರೆ ಇದು ಕಾಯಿಲೆಯ ಸ್ವಭಾವದ ಮಾತು ಅನ್ನಿಸುತ್ತದೆ. ಚರಿತ್ರೆ ಬೇರೆ ಹೇಳುತ್ತದೆ. ಬಗ್ಗದ್ದು ಎಂದು ಹೇಳಬೇಕಾದರೆ ಬಗ್ಗಿಸುವ ಯತ್ನ ಮೊದಲು ಪೂರ್ತಿಯಾಗಿ ನಡೆದಿರಬೇಕು. ಮಲೆಬೆನ್ನೂರಿನಂಥ ಊರುಗಳ ಕಳೆದ ನೂರು ವರ್ಷ ನೋಡಿದರೆ ಆ ಯತ್ನ ಪೂರ್ತಿಯಾಗಿ ನಡೆದದ್ದು ಅಪರೂಪ. ಇಲ್ಲಿ ಹತಾಶರೆಂದು ಕೈಬಿಟ್ಟವರಲ್ಲಿ ದೊಡ್ಡ ಪಾಲಿನವರಿಗೆ ಔಷಧ ಸೋತದ್ದಲ್ಲ, ಔಷಧ ತಲುಪಿರಲಿಲ್ಲ. ನಿಜಕ್ಕೂ ಔಷಧ ಸೋತವರಿಗೆ ಅವರಿಗೆಂದೇ ಇದ್ದ ಮದ್ದು ಸಿಗಲಿಲ್ಲ. ಈ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡದೆ ಬರೆದ ‘ವಾಸಿಯಾಗದ ಹುಚ್ಚಿ’ನ ಕತೆ ಅರೆಕತೆ ಎಂಬುದು ನನ್ನ ವಾದ.

ಮೊದಲು ಗದ್ದುಗೆಯ ಲೆಕ್ಕವನ್ನೂ ಆಸ್ಪತ್ರೆಯ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಅಜ್ಜಯ್ಯನ ಸನ್ನಿಧಿಗೆ ಹರಕೆ ತೀರಿಸಲು ಮರಳಿ ಬರುವವರು ಗುಣ ಕಂಡವರು. ಗುಣ ಕಾಣದವರು ಮುಂದಿನ ಕ್ಷೇತ್ರಕ್ಕೆ, ಬಹುಶಃ ಗಾಣಗಾಪುರಕ್ಕೆ, ಅಥವಾ ಇನ್ನೊಬ್ಬ ಮಂತ್ರವಾದಿಯ ಬಳಿಗೆ ಹೋಗಿರುತ್ತಾರೆ. ಹಾಗಾಗಿ ಗದ್ದುಗೆಯ ನೆನಪಿನಲ್ಲಿ ಉಳಿಯುವುದು ಗೆಲುವುಗಳೇ. ಆಸ್ಪತ್ರೆಯದು ಇದಕ್ಕೆ ತದ್ವಿರುದ್ಧ. ಚೇತರಿಸಿಕೊಂಡವರು ಮಾತ್ರೆ ಸಾಕೆಂದು ಬರುವುದನ್ನೇ ಬಿಡುತ್ತಾರೆ. ಚೇತರಿಸಿಕೊಳ್ಳದವರು ತಿಂಗಳು ತಿಂಗಳೂ ಅದೇ ಬೆಂಚಿನ ಮೇಲೆ ಕೂತಿರುತ್ತಾರೆ. ಅವರನ್ನೇ ದಿನವೂ ನೋಡುವ ವೈದ್ಯರಿಗೆ ಈ ಕಾಯಿಲೆ ಯಾರಲ್ಲೂ ವಾಸಿಯಾಗುವುದಿಲ್ಲ ಎಂಬ ಭಾವನೆ ಬೆಳೆಯುತ್ತದೆ. ಅಮೆರಿಕದ ಪೆಟ್ರೀಷಿಯಾ ಕೋಹೆನ್ ಮತ್ತು ಜೇಕಬ್ ಕೋಹೆನ್ 1984ರಲ್ಲಿ ಇದನ್ನು ವೈದ್ಯರ ಭ್ರಮೆ ಎಂದು ಕರೆದು ಅಂಕಿಅಂಶಗಳ ತರ್ಕದಿಂದ ವಿವರಿಸಿದರು. ಒಂದು ಕಡೆ ಸೋತವರು ಕಾಣುವುದಿಲ್ಲ, ಇನ್ನೊಂದು ಕಡೆ ಗೆದ್ದವರು ಕಾಣುವುದಿಲ್ಲ. ಒಂದೇ ಸೀಮೆಯ ಜನ ಈ ಎರಡು ನೆನಪುಗಳ ನಡುವೆ ಓಡಾಡುತ್ತಾರೆ: ‘ದೇವರಿಂದ ಎಲ್ಲರೂ ಹುಷಾರಾಗುತ್ತಾರೆ, ಮಾತ್ರೆಯಿಂದ ಯಾರೂ ಹುಷಾರಾಗುವುದಿಲ್ಲ’ ಎಂಬ ಮಾತಿಗೆ ಅಜ್ಞಾನಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದದ್ದೇ ಆಧಾರ.

ಇನ್ನು ಆಸ್ಪತ್ರೆಯ ದಾರಿ. 1956ರ ಏಕೀಕರಣಕ್ಕೆ ಮುಂಚೆ ತುಂಗಭದ್ರೆಯೇ ಇಲ್ಲಿ ಗಡಿ. ಈಚೆ ಹರಿಹರ, ಮಲೆಬೆನ್ನೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ. ಹೊಳೆ ದಾಟಿದರೆ ರಾಣೆಬೆನ್ನೂರು, ಬಾಂಬೆ ಪ್ರೆಸಿಡೆನ್ಸಿಯ ಧಾರವಾಡ ಜಿಲ್ಲೆ. 19ನೆಯ ಶತಮಾನದಿಂದಲೂ ಧಾರವಾಡದಲ್ಲಿ ಒಂದು ಹುಚ್ಚಾಸ್ಪತ್ರೆ ಇತ್ತು, ಬೆಂಗಳೂರಿನಲ್ಲಿ ಇನ್ನೊಂದು. ಹರಿಹರದಲ್ಲಿ ರೈಲು ಹತ್ತಿದರೆ ಒಂದು ದಿಕ್ಕಿಗೆ ಅದು, ಇನ್ನೊಂದು ದಿಕ್ಕಿಗೆ ಇದು. ಹೊಳೆಯಾಚೆ 1912ರ ಇಂಡಿಯನ್ ಲ್ಯೂನಸಿ ಆಕ್ಟ್ ನಡೆಯುತ್ತಿತ್ತು. ಅದರ ದೃಷ್ಟಿಯಲ್ಲಿ ಹುಚ್ಚು ಎಂದರೆ ಮ್ಯಾಜಿಸ್ಟ್ರೇಟರ ಆದೇಶದಿಂದ ಒಳಗಿಡಬೇಕಾದ ಸಂಗತಿ. ಒಳಹೋದವರಿಗೆ ಊಟ, ಕಾವಲು, ಕೆಲವೊಮ್ಮೆ ತೋಟದ ಕೆಲಸ ಇವಿಷ್ಟೇ ಚಿಕಿತ್ಸೆ. ಆ ಕಾಲದಲ್ಲಿ ಚಿಕಿತ್ಸೆಗೆ ಬಗ್ಗದವರು ಎಂಬ ಬೇರೆ ಗುಂಪು ಇರುವುದು ಸಾಧ್ಯವೇ ಇರಲಿಲ್ಲ. ತಾನಾಗಿ ಕಾಯಿಲೆ ಇಳಿದವರು ಮನೆಗೆ ಹೋದರು, ಇಳಿಯದವರು ಒಳಗೇ ಮುದುಕರಾದರು.

1930ರ ದಶಕದಲ್ಲಿ ಯೂರೋಪಿನಿಂದ ಒಂದರ ಹಿಂದೊಂದು ಹೊಸ ಚಿಕಿತ್ಸೆಗಳು ಬಂದವು. ಜಾಕೆಲ್ ಇನ್ಸುಲಿನ್ ಚುಚ್ಚಿ ಪ್ರಜ್ಞೆ ತಪ್ಪಿಸಿದರು, ಮೆಡುನಾ ಔಷಧದಿಂದ ಸೆಳವು ಬರಿಸಿದರು, 1938ರಲ್ಲಿ ಚೆರ್ಲೆಟ್ಟಿ ಮತ್ತು ಬೀನಿ ಅದೇ ಸೆಳವನ್ನು ವಿದ್ಯುತ್ತಿನಿಂದ ತಂದರು, ಪೋರ್ಚುಗಲ್ಲಿನ ಮೋನಿಜ್ ಮಿದುಳಿನ ಮುಂಭಾಗದ ನರಗಳನ್ನೇ ಕತ್ತರಿಸಿದರು. ಬೆಂಗಳೂರು ಇದರಲ್ಲಿ ಹಿಂದೆ ಬೀಳಲಿಲ್ಲ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಡಾ. ಎಂ.ವಿ. ಗೋವಿಂದಸ್ವಾಮಿಯವರು ಸೆಳವಿನ ಚಿಕಿತ್ಸೆಯ ಬಗ್ಗೆ 1939ರಲ್ಲೂ, ಮಿದುಳಿನ ಶಸ್ತ್ರಚಿಕಿತ್ಸೆಗೊಳಗಾದ ಭಾರತೀಯ ರೋಗಿಗಳ ಬಗ್ಗೆ ಡಾ. ಬಾಲಕೃಷ್ಣ ರಾವ್ ಅವರೊಡನೆ 1944ರಲ್ಲೂ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಬೇರಾವುದಕ್ಕೂ ಬಗ್ಗದವರಿಗೆ ಕೊನೆಯ ಉಪಾಯ ಎಂಬ ಯೋಚನೆ ಈ ಶಸ್ತ್ರಚಿಕಿತ್ಸೆಗಳ ಜೊತೆಗೇ ಹುಟ್ಟಿತು. ಇವತ್ತು ಅದನ್ನು ಕ್ರೌರ್ಯ ಎಂದು ತಳ್ಳಿಹಾಕುವುದು ಸುಲಭ. ಆದರೆ ಇಪ್ಪತ್ತು ವರ್ಷ ಒಬ್ಬನೇ ಗೋಡೆಯೊಡನೆ ಮಾತಾಡುತ್ತ ಕೂತವನ ಮುಂದೆ ನಿಂತ ವೈದ್ಯರಿಗೆ ಸುಮ್ಮನಿರುವುದೂ ಕ್ರೌರ್ಯವಾಗಿಯೇ ಕಂಡಿರಬೇಕು. ತಪ್ಪು ಬೇರೆ ಕಡೆ ಇತ್ತು. ಹೋಲಿಸಿ ನೋಡುವ ಪದ್ಧತಿ ಇರಲಿಲ್ಲ. ಇನ್ಸುಲಿನ್ ಚಿಕಿತ್ಸೆ ಜಗತ್ತಿನ ಉದ್ದಗಲಕ್ಕೂ ಇಪ್ಪತ್ತು ವರ್ಷ ನಡೆದ ಮೇಲೆ 1957ರಲ್ಲಿ ಲಂಡನ್ನಿನಲ್ಲಿ ಆಕ್ನರ್ ಮತ್ತು ಸಂಗಡಿಗರು ಇನ್ಸುಲಿನ್ನನ್ನೂ ಬೇರೊಂದು ನಿದ್ರೌಷಧವನ್ನೂ ಎರಡು ಗುಂಪಿಗೆ ಕೊಟ್ಟು ಹೋಲಿಸಿದರು. ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗುಣವಾದದ್ದು ಇನ್ಸುಲಿನ್ನಿನಿಂದಲ್ಲ, ಅದರ ಸುತ್ತ ನಡೆಯುತ್ತಿದ್ದ ಆರೈಕೆಯಿಂದ ಎಂಬ ಅನುಮಾನ ಗಟ್ಟಿಯಾಯಿತು. ಗದ್ದುಗೆಯ ಪ್ರಶ್ನೆಗೂ ಇದು ಸಂಬಂಧಿಸುತ್ತದೆ, ಮುಂದೆ ನೋಡೋಣ.

ನಿಜವಾದ ತಿರುವು ಬಂದದ್ದು ಮಾತ್ರೆಗಳಿಂದ. ಅದರಲ್ಲಿ ನಮ್ಮ ನೆಲದ ಒಂದು ಗಿಡಕ್ಕೂ ಪಾಲಿದೆ. ಸರ್ಪಗಂಧದ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಮದ್ದು ಎಂದು ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ಬರೆದಿದ್ದರು. ಅದರ ಸತ್ವವಾದ ರೆಸರ್ಪೀನ್ 1950ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಿಗೆ ಹೋಯಿತು. 1952ರಲ್ಲಿ ಪ್ಯಾರಿಸ್ಸಿನ ಡಿಲೇ ಮತ್ತು ಡೆನಿಕರ್ ಹೊಸ ಔಷಧವಾದ ಕ್ಲೋರ್‌ಪ್ರೊಮಜೀನ್‌ನ ಫಲಿತಾಂಶ ಪ್ರಕಟಿಸಿದರು. ಅದರ ಮುಂದೆ ರೆಸರ್ಪೀನ್ ಹಿಂದೆ ಸರಿಯಿತು. ಬೆಂಗಳೂರಿನ ಆಸ್ಪತ್ರೆಯ ಪಕ್ಕದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು ಈ ಹೊತ್ತಿನಲ್ಲೇ, ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆದವು. ಮಾತ್ರೆಯಿಂದ ಮಾತು ಕೇಳಿಸುವುದು ನಿಂತು ಮನೆಗೆ ಹೋದವರು ಒಂದು ಕಡೆ, ಅದೇ ಮಾತ್ರೆ ತಿಂದೂ ಹಾಗೇ ಉಳಿದವರು ಇನ್ನೊಂದು ಕಡೆ: ಚಿಕಿತ್ಸೆಗೆ ಬಗ್ಗದವರೆಂಬ ಗುಂಪು ಕಣ್ಣಿಗೆ ಬಿದ್ದದ್ದು ಆಗ, ಫಲ ಕೊಡುವ ಚಿಕಿತ್ಸೆಯೆಂಬುದೊಂದು ಬಂದ ಮೇಲೆ.

ಆದರೆ ಬೆಂಗಳೂರಿನ ಬೆಳಕು ಸುಮಾರು 280 ಕಿ.ಮೀ. ದೂರದ ಮಲೆಬೆನ್ನೂರಿಗೆ ಅಷ್ಟೇ ಪ್ರಖರವಾಗಿ ಬೀಳಲಿಲ್ಲ. ಬೆಂಗಳೂರಿಗೋ ಧಾರವಾಡಕ್ಕೋ ಹೋಗಿ ಭರ್ತಿಯಾಗಿ, ‘ಕರೆಂಟ್ ಕೊಡಿಸಿಕೊಂಡು’, ಮಾತ್ರೆಯ ಪೊಟ್ಟಣ ಹಿಡಿದು ಬಂದವರಿಗೆ ಆ ಪೊಟ್ಟಣ ಖಾಲಿಯಾದ ಮೇಲಿನ ದಾರಿ ಗೊತ್ತಿರಲಿಲ್ಲ. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರಲ್ಲಿ ಬಂದ ಮೇಲೆ ದೂರ ಕುಗ್ಗಿತು, ನಿಜ. ಆದರೂ ನಾಟಿಯ ದಿನಗಳಲ್ಲಿ ಕೂಲಿ ಬಿಟ್ಟು ಪ್ರತಿ ತಿಂಗಳೂ ರೋಗಿಯ ಜೊತೆಗೊಬ್ಬರು ಹೋಗಿಬರುವುದು ಬಡ ಮನೆಗೆ ಸಣ್ಣ ಖರ್ಚಲ್ಲ. ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಮರುಕಳಿಸಿದಾಗ ಮನೆಯವರು ತಿಳಿದುಕೊಳ್ಳುವುದು ‘ಮಾತ್ರೆಗೂ ಬಗ್ಗಲಿಲ್ಲ’ ಎಂದೇ. ಭದ್ರಾ ಅಚ್ಚುಕಟ್ಟಿನ ಕೊನೆಭಾಗದ ಈ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಗದ್ದೆ ಒಣಗಿದ್ದಕ್ಕೆ ಮಣ್ಣನ್ನು ದೂರುವ ಮುನ್ನ ನಾಲೆಯ ನೀರು ಅಲ್ಲಿವರೆಗೆ ಬಂದಿತ್ತೇ ಎಂದು ಅವರು ಕೇಳುತ್ತಾರೆ.

ಈ ಪ್ರಶ್ನೆಯನ್ನೇ ಸರ್ಕಾರದ ಮಟ್ಟದಲ್ಲಿ ಕೇಳಿದ ಕೀರ್ತಿ ನೆರೆಯ ಜಿಲ್ಲೆಗೆ ಸಲ್ಲುತ್ತದೆ. ನಿಮ್ಹಾನ್ಸ್‌ನವರು 1970ರ ದಶಕದಲ್ಲಿ ಬೆಂಗಳೂರು ಹೊರವಲಯದ ಸಕಲವಾರದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮಾನಸಿಕ ಕಾಯಿಲೆಗೆ ಔಷಧ ಕೊಡುವುದು ಸಾಧ್ಯ ಎಂದು ಮಾಡಿ ತೋರಿಸಿದರು. 1985ರಿಂದ ಅದನ್ನು ಇಡೀ ಬಳ್ಳಾರಿ ಜಿಲ್ಲೆಗೆ ವಿಸ್ತರಿಸಿದರು. ಮುಂದೆ 1996ರಲ್ಲಿ ದೇಶದ ಮಟ್ಟದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಚ್ಚು ಇದೇ ಬಳ್ಳಾರಿ ಮಾದರಿ. ಆಗ ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಲ್ಲಿತ್ತು, ಪಕ್ಕದ ಹರಿಹರ ಚಿತ್ರದುರ್ಗದಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಎರಡೂ ಒಂದೇ ಜಿಲ್ಲೆಗೆ ಬಂದವು. ಆ ಹನ್ನೆರಡು ವರ್ಷ, ಯಾವ ಊರಿಗೆ ಈ ಯೋಜನೆಯ ಮಾತ್ರೆ ಎಂಬುದನ್ನು ತೀರ್ಮಾನಿಸಿದ್ದು ಕಾಯಿಲೆಯಲ್ಲ, ಕಂದಾಯ ಇಲಾಖೆಯ ನಕ್ಷೆ. ಮನೆಬಾಗಿಲಿಗೆ ಔಷಧ ಹೋದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕು ಸಾಕ್ಷಿ. 2005ರ ಸುಮಾರಿಗೆ ಅಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೀನಿಯಾದವರನ್ನು ಹಳ್ಳಿಹಳ್ಳಿಯಲ್ಲಿ ಗುರುತಿಸಿ ಉಚಿತವಾಗಿ ಚಿಕಿತ್ಸೆ ಆರಂಭಿಸಿತು. ಔಷಧ ಪಡೆದವರ ದಿನನಿತ್ಯದ ಬದುಕು ಸುಧಾರಿಸಿತು, ಪಡೆಯದವರದು ಅಷ್ಟು ಸುಧಾರಿಸಲಿಲ್ಲ. ಸುಧಾರಿಸಿದವರಲ್ಲಿ ವರ್ಷಗಳ ಕಾಲ ಆಸೆ ಬಿಟ್ಟಿದ್ದ ಮನೆಗಳವರೂ ಇದ್ದರು.

ಇಲ್ಲಿ ಒಂದು ಆಕ್ಷೇಪಣೆ ನ್ಯಾಯವಾಗಿಯೇ ಬರುತ್ತದೆ. ಎಲ್ಲ ತಪ್ಪನ್ನೂ ವ್ಯವಸ್ಥೆಯ ಮೇಲೆ ಹಾಕಿ, ನಿಜಕ್ಕೂ ಔಷಧಕ್ಕೆ ಬಗ್ಗದ ಕಾಯಿಲೆಯೇ ಇಲ್ಲವೆನ್ನುವುದು ಸರಿಯೇ? ಸರಿಯಲ್ಲ. ಮಾತ್ರೆಯನ್ನು ಕಣ್ಣೆದುರೇ ನುಂಗಿಸಿದರೂ, ರಕ್ತದಲ್ಲಿ ಅದರ ಮಟ್ಟ ಅಳೆದು ನೋಡಿದರೂ ಸುಧಾರಿಸದವರು ಇದ್ದಾರೆ. ಸಾಮಾನ್ಯ ಔಷಧಗಳೆಲ್ಲ ಮಿದುಳಿನ ಡೋಪಮೈನ್ ಎಂಬ ಸಂದೇಶವಾಹಕದ ಪರಿಣಾಮವನ್ನು ತಡೆದು ಕೆಲಸ ಮಾಡುತ್ತವೆ. ಬಗ್ಗದ ಗುಂಪಿನವರಲ್ಲಿ ಡೋಪಮೈನ್ ತಯಾರಿಕೆ ಹೆಚ್ಚಿರುವುದೇ ಇಲ್ಲ ಎಂದು 2012ರ ಲಂಡನ್ನಿನ ಸ್ಕ್ಯಾನ್ ಅಧ್ಯಯನವೊಂದು ತೋರಿಸಿತು. ಹಾಗಿದ್ದರೆ ಅವರಿಗೆ ಆ ಔಷಧ ಹೆಚ್ಚಿಸಿದಷ್ಟೂ ಕೈಕಾಲು ಬಿಗಿಯುವುದೇ ಹೊರತು ಕಿವಿಯೊಳಗಿನ ಮಾತು ನಿಲ್ಲುವುದಿಲ್ಲ. ಅದಕ್ಕೇ ಬೇರ್ಪಡಿಸುವುದು ಮುಖ್ಯ ಎಂದೆ. ಮಾತ್ರೆ ಬಿಟ್ಟವರು, ಕಡಿಮೆ ಪ್ರಮಾಣ ಪಡೆದವರು, ಕುಡಿತ ಗಾಂಜಾ ಇರುವವರು, ಥೈರಾಯ್ಡೋ ಮಿದುಳಿನ ಉರಿಯೂತವೋ ಇದ್ದು ಸ್ಕಿಜೋಫ್ರೀನಿಯಾ ಎನ್ನಿಸಿಕೊಂಡವರು ಒಂದು ಕಡೆ; ಎಲ್ಲವನ್ನೂ ಸರಿಯಾಗಿ ಮಾಡಿಯೂ ಉಳಿದವರು ಇನ್ನೊಂದು ಕಡೆ. ಮೊದಲನೆಯವರಿಗೆ ಬೇಕಾದದ್ದು ನಿರಂತರತೆ ಮತ್ತು ಸರಿಯಾದ ತಪಾಸಣೆ. ಎರಡನೆಯವರಿಗೆ ಬೇಕಾದದ್ದು ಕ್ಲೋಜಪೀನ್.

ಕ್ಲೋಜಪೀನಿನ ಚರಿತ್ರೆ ಹೆದರಿಕೆಯ ಚರಿತ್ರೆ. ಸ್ವಿಟ್ಜರ್ಲೆಂಡಿನಲ್ಲಿ 1950ರ ದಶಕದ ಕೊನೆಗೆ ತಯಾರಾದ ಈ ಔಷಧ ಕೈಕಾಲು ಬಿಗಿಯದೆ ಕೆಲಸ ಮಾಡುತ್ತಿತ್ತು. 1975ರಲ್ಲಿ ಫಿನ್ಲೆಂಡಿನಲ್ಲಿ ಅದನ್ನು ಸೇವಿಸಿದ ಕೆಲವರ ರಕ್ತದಲ್ಲಿ ಸೋಂಕು ತಡೆಯುವ ಬಿಳಿಕಣಗಳು ಬತ್ತಿ ಸಾವುಗಳಾದವು. ಹಲವು ದೇಶಗಳು ಅದನ್ನು ಕೈಬಿಟ್ಟವು. 1988ರಲ್ಲಿ ಅಮೆರಿಕದ ಜಾನ್ ಕೇನ್ ಮತ್ತು ಸಂಗಡಿಗರು ಬೇರೆ ಔಷಧಗಳಿಗೆ ಬಗ್ಗದ 268 ರೋಗಿಗಳನ್ನು ಆರಿಸಿ ಆರು ವಾರ ಹೋಲಿಸಿದರು: ಕ್ಲೋರ್‌ಪ್ರೊಮಜೀನ್ ಪಡೆದವರಲ್ಲಿ ನೂರಕ್ಕೆ 4 ಜನ ಸುಧಾರಿಸಿದರೆ ಕ್ಲೋಜಪೀನ್ ಪಡೆದವರಲ್ಲಿ 30 ಜನ. ಮರುವರ್ಷ ಅಮೆರಿಕ ರಕ್ತಪರೀಕ್ಷೆಯ ಷರತ್ತಿನೊಡನೆ ಅದಕ್ಕೆ ಅನುಮತಿ ಕೊಟ್ಟಿತು. ಆತ್ಮಹತ್ಯೆಯ ಅಪಾಯವನ್ನೂ ಅದು ತಗ್ಗಿಸುತ್ತದೆ ಎಂದು ಮುಂದೆ ತಿಳಿಯಿತು. ಸಾವುಗಳಿಂದ ಬೆಚ್ಚಿದ ಅದೇ ಫಿನ್ಲೆಂಡಿನಿಂದ 2009ರಲ್ಲಿ ಇನ್ನೊಂದು ವರದಿ ಬಂತು: 66,881 ರೋಗಿಗಳನ್ನು ಹನ್ನೊಂದು ವರ್ಷಗಳ ದಾಖಲೆಯಲ್ಲಿ ಹಿಂಬಾಲಿಸಿದಾಗ ಸಾವಿನ ಪ್ರಮಾಣ ಅತಿ ಕಡಿಮೆ ಇದ್ದದ್ದು ಕ್ಲೋಜಪೀನ್ ಪಡೆಯುತ್ತಿದ್ದವರಲ್ಲಿ. ಬಿಳಿಕಣ ಅಪಾಯಕರವಾಗಿ ಇಳಿಯುವುದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ. ಅದೂ ಹೆಚ್ಚಾಗಿ ಮೊದಲ ಹದಿನೆಂಟು ವಾರಗಳಲ್ಲಿ. ಕ್ಲೋಜಪೀನಿಗೂ ಬಗ್ಗದವರಿದ್ದಾರೆ. ಅಂಥವರಿಗೆ ಅದರ ಜೊತೆ ವಿದ್ಯುತ್ ಚಿಕಿತ್ಸೆ ಸೇರಿಸಿದಾಗ ಅರ್ಧದಷ್ಟು ಜನ ಸುಧಾರಿಸಿದ್ದನ್ನು 2015ರ ಅಮೆರಿಕದ ಅಧ್ಯಯನ ದಾಖಲಿಸಿದೆ. ಇವತ್ತು ವಿದ್ಯುತ್ ಚಿಕಿತ್ಸೆಯನ್ನು ಅರಿವಳಿಕೆ ಕೊಟ್ಟೇ ಮಾಡಬೇಕೆಂದು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಹಳ್ಳಿಯಲ್ಲಿ ಕರೆಂಟ್ ಎಂಬ ಮಾತು ಹುಟ್ಟಿಸುವ ದಿಗಿಲು ಹಳೆಯ ಕಾಲದ್ದು.

ಇಂಥ ಔಷಧ ನಗರದ ದೊಡ್ಡಾಸ್ಪತ್ರೆಗೆ ಸರಿ, ಹಳ್ಳಿಯಲ್ಲಿ ವಾರವಾರ ರಕ್ತ ಯಾರು ನೋಡುತ್ತಾರೆ ಎಂಬುದು ಎರಡನೆಯ ಆಕ್ಷೇಪಣೆ. ವೈದ್ಯರೇ ಇದನ್ನು ಹೇಳುತ್ತಾರೆ. ಇಂಗ್ಲೆಂಡಿನಲ್ಲೂ ಕ್ಲೋಜಪೀನ್ ಆರಂಭಿಸಲು ವರ್ಷಗಟ್ಟಲೆ ತಡವಾಗುತ್ತದೆ. ಆದರೆ ಬೇಕಾದ ಪರೀಕ್ಷೆ ಬಿಳಿಕಣಗಳ ಎಣಿಕೆ ಮಾತ್ರ, ಜ್ವರಕ್ಕೆ ದಾಖಲಾದವರಿಗೆ ದಿನವೂ ಮಾಡುವಂಥದ್ದು. ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ತಂಡ ಸಮುದಾಯದ ಮಟ್ಟದಲ್ಲೇ ಬಗ್ಗದ ಕಾಯಿಲೆಯವರನ್ನು ಗುರುತಿಸಿ ಕ್ಲೋಜಪೀನ್ ಕೊಟ್ಟ ಅನುಭವವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದೆ. ಅಪಾಯ ಇಲ್ಲವೆಂದಲ್ಲ. ತೂಕ, ಸಕ್ಕರೆ ಏರುತ್ತವೆ, ರಾತ್ರಿ ಜೊಲ್ಲು ಸುರಿಯುತ್ತದೆ, ಮಲಬದ್ಧತೆ ಅಲಕ್ಷಿಸಿದರೆ ಪ್ರಾಣಕ್ಕೇ ಬರಬಹುದು, ಬೀಡಿ ಸೇದುವವನು ಏಕಾಏಕಿ ಬಿಟ್ಟರೆ ರಕ್ತದಲ್ಲಿ ಔಷಧ ಏರುತ್ತದೆ. ಇವನ್ನು ಗಮನಿಸಲು ಬೇಕಾದದ್ದು ತಜ್ಞರಿಗಿಂತ ಹೆಚ್ಚಾಗಿ ಮನೆಗೆ ಹೋಗಿ ಕೇಳುವ ಆಶಾ ಕಾರ್ಯಕರ್ತೆಯಂಥವರು. ದಾವಣಗೆರೆ ಜಿಲ್ಲೆಗೆ ಅದೂ ಹೊಸತಲ್ಲ: 2016ರಿಂದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ ಲಿವ್ ಲವ್ ಲಾಫ್ ಪ್ರತಿಷ್ಠಾನದ ನೆರವಿನಿಂದ ಇಲ್ಲಿನ ಹಳ್ಳಿಗಳಲ್ಲಿ ಇಂಥ ಕೆಲಸ ನಡೆಸಿದೆ.

ಗದ್ದುಗೆಗೆ ಹೋಗುವುದನ್ನು ನಿಲ್ಲಿಸದೆ ಇದೆಲ್ಲ ಆಗದು ಎನ್ನುವವರಿಗೂ ಉತ್ತರ ಕೊಡಬೇಕು. ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ 31 ಜನರನ್ನು ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ಅಧ್ಯಯನ ಮಾಡಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಬಹುಪಾಲು ಜನರದು ಸ್ಕಿಜೋಫ್ರೀನಿಯಾ ಬಗೆಯ ತೀವ್ರ ಕಾಯಿಲೆ. ಕೆಲವು ವಾರಗಳ ವಾಸದಲ್ಲಿ ಲಕ್ಷಣಗಳ ಅಂಕ ಸುಮಾರು ನೂರಕ್ಕೆ 20ರಷ್ಟು ಇಳಿಯಿತು. ಹೋಲಿಕೆಯ ಗುಂಪು ಇರಲಿಲ್ಲವಾದ್ದರಿಂದ ಇದನ್ನು ಪವಾಡವೆನ್ನಲಾಗದು. ಆದರೆ ಬೈಯದ, ಹೊಡೆಯದ, ಮನೆಯವರು ಜೊತೆಗೇ ಇರುವ ಜಾಗಕ್ಕೆ ತನ್ನದೇ ಶಕ್ತಿಯಿದೆ ಎಂಬುದನ್ನು ಅಲ್ಲಗಳೆಯಲೂ ಆಗದು. ಇನ್ಸುಲಿನ್ ವಾರ್ಡಿನ ಪಾಠವೂ ಅದೇ. ಇಂಥ ಜಾಗಗಳ ಇನ್ನೊಂದು ಮುಖ ಅದೇ ತಮಿಳುನಾಡಿನ ಏರ್ವಾಡಿ. 2001ರ ಆಗಸ್ಟ್ 6ರಂದು ಅಲ್ಲಿನ ದರ್ಗಾ ಬಳಿಯ ಶೆಡ್ಡಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಸುಟ್ಟು ಸತ್ತರು. ಸರಪಳಿ ಹಾಕುವುದನ್ನು ಕಾಯ್ದೆ ಈಗ ನಿಷೇಧಿಸಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಯ ಜೊತೆಗೇ ಮನೋವೈದ್ಯರ ಮಾತ್ರೆಯೂ ಸಿಗುವ ಏರ್ಪಾಟು ಆದದ್ದು ಈ ಎರಡೂ ಅನುಭವಗಳ ನಂತರ. ಉಡುಪಿ ಕಡೆಯ ಕೋಟದಲ್ಲಿ ಮನೋವೈದ್ಯ ಆರ್.ಎಲ್. ಕಪೂರ್ 1970ರ ದಶಕದಲ್ಲೇ ಕಂಡಿದ್ದರು: ಜನ ದೈವ ಮೈಮೇಲೆ ಬರುವ ಪಾತ್ರಿ, ಮಂತ್ರವಾದಿ, ವೈದ್ಯ, ಡಾಕ್ಟರು ಎಲ್ಲರ ಬಳಿಗೂ ಹೋಗುತ್ತಾರೆ, ಒಂದನ್ನು ಬಿಟ್ಟು ಇನ್ನೊಂದಕ್ಕಲ್ಲ. ಉಕ್ಕಡಗಾತ್ರಿಗೆ ಅಮಾವಾಸ್ಯೆಗೆ ಬರುವ ಸಾವಿರಾರು ಜನರ ನಡುವೆ ಮನೋವೈದ್ಯರ ಒಂದು ಮೇಜು ಇದ್ದರೆ ಭಕ್ತಿಗೆ ಕುಂದಿಲ್ಲ.

ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಯೋಜನೆ ರಾಜ್ಯದಲ್ಲಿದೆ. ಆ ದಿನ ಹರಿಹರದಲ್ಲೂ ಮಲೆಬೆನ್ನೂರಿನಲ್ಲೂ ಕ್ಲೋಜಪೀನ್ ಮಾತ್ರೆ ಮತ್ತು ಬಿಳಿಕಣದ ಎಣಿಕೆ ಒಂದೇ ಕಡೆ, ಉಚಿತವಾಗಿ ಸಿಗಬೇಕು. ಜಿಲ್ಲಾಡಳಿತಕ್ಕೆ ಇದು ಮೀರಿದ ಕೆಲಸವಲ್ಲ. ಮನೆಯಲ್ಲಿ ಇಂಥ ಕಾಯಿಲೆಯವರಿರುವ ಓದುಗರು ಹಳೆಯ ಚೀಟಿಗಳನ್ನೆಲ್ಲ ಎಸೆಯದೆ ಇಟ್ಟುಕೊಳ್ಳಿ: ಯಾವ ಮಾತ್ರೆ, ಎಷ್ಟು, ಎಷ್ಟು ವಾರ ಎಂಬುದು ಅದರಿಂದಲೇ ತಿಳಿಯುವುದು. ಎರಡು ಔಷಧ ಸರಿಯಾಗಿ ಕೊಟ್ಟೂ ಫಲ ಕಾಣದಿದ್ದರೆ ಮೂರನೆಯದಕ್ಕೆ ವರ್ಷಗಟ್ಟಲೆ ಕಾಯಬೇಡಿ, ಕ್ಲೋಜಪೀನ್ ಆಗುತ್ತದೆಯೇ ಎಂದು ಹೆಸರು ಹಿಡಿದು ಕೇಳಿ. ಯಾರನ್ನು ಕೇಳುವುದೆಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.